ಬರುತ್ತದೆ, ಬರುವುದಿಲ್ಲ

ಶುಕ್ರವಾರದ ಕೊನೆಯ ಪೀರಿಯಡ್ಡು, ಜರ್ಮನ್.
ಸ್ನಿನಾ ಊರಿನ ಶಾಲೆ, ಮೂರನೇ ಕ್ಲಾಸು.
ಹೀಟರಿನ ಮೇಲೆ ಒದ್ದೆ ಕೈಗವಸು ಹದಿನೇಳು ಜೊತೆ,
ಅಲ್ಲ, ಹದಿನಾರೂವರೆ; ಲ್ಯುಬೊಶ್‌ನ ಎಡಗೈಯದು
ಸೋಮವಾರದಿಂದ ಕಾಣೆ.

ನಾನು ಹಾಳೆ ಹಂಚುತ್ತೇನೆ.
ಒಂದೊಂದು ವಾಕ್ಯದ ಮುಂದೆ ಮೂರು ಮುಖ:
ನಗುವುದು, ಗೆರೆಬಾಯಿಯದು, ಬಾಯಿ ಕೆಳಗೆ ಮಾಡಿದ್ದು.
ಬರುತ್ತದೆ, ಅಷ್ಟಿಷ್ಟು ಬರುತ್ತದೆ, ಬರುವುದಿಲ್ಲ.
ಇದಕ್ಕೆ ಅಂಕವಿಲ್ಲ, ಯಾರೂ ಯಾರದನ್ನೂ ಇಣುಕಬೇಡಿ,
ಇವತ್ತು ನಿಮಗೆ ನೀವೇ ಮೇಷ್ಟ್ರು, ಎನ್ನುತ್ತೇನೆ.
ಇಣುಕುತ್ತಾರೆ.

ನನ್ನ ಹೆಸರು ಹೇಳಲು ನನಗೆ ಬರುತ್ತದೆ.
ಇಪ್ಪತ್ತರವರೆಗೆ ಎಣಿಸಲು ನನಗೆ ಬರುತ್ತದೆ.
ನನಗೇನು ಇಷ್ಟವಿಲ್ಲ ಎಂದು ಹೇಳಲು ನನಗೆ ಬರುತ್ತದೆ.

ರೋಮಾನಾ ಎಲ್ಲ ನಗುವಿಗೂ ಸರಸರ ಹಳದಿ ಬಳಿದಳು.
ಹದಿಮೂರರಲ್ಲಿ ಮಲಗಿ ಹದಿನಾರರಲ್ಲಿ ಏಳುತ್ತದೆ
ಅವಳ ಎಣಿಕೆ, ನನಗೆ ಗೊತ್ತು. ಅವಳಿಗೂ.
ಹಳದಿಯೊಂದೇ ಚೂಪಾಗಿತ್ತು ಮೇಡಂ, ಮಿಕ್ಕವು ಮೊಂಡು, ಎಂದಳು.
ಇಡೀ ಕ್ಲಾಸಿನ ಉಚ್ಚಾರ ತಿದ್ದುವ ಪೆತ್ರೊನೆಲಾ
ಒಂದೇ ಒಂದು ನಗುವಿಗೂ ಪೆನ್ಸಿಲ್ ತಾಗಿಸಲಿಲ್ಲ;
ಅವಳಕ್ಕ ಇನ್ನೂ ಚೆನ್ನಾಗಿ ಮಾತಾಡುತ್ತಾಳಂತೆ.
ಲ್ಯುಬೊಶ್ ಮೂರೂ ಮುಖಕ್ಕೆ ಮೀಸೆ ಬರೆದ.

ತಿಮೋತೇಯ್ ಒಂಬತ್ತನೇ ವಾಕ್ಯದಲ್ಲಿ ನಿಂತುಬಿಟ್ಟಿದ್ದ:
ಫೋನಿನಲ್ಲಿ ನಾಲ್ಕು ಮಾತು ಆಡಲು ನನಗೆ ಬರುತ್ತದೆ.
ನಗುವ ಮುಖಕ್ಕೆ ಅರ್ಧ ಬಣ್ಣ, ಒಂದು ಕಣ್ಣಿನವರೆಗೆ.
ಉಳಿದರ್ಧ ಯಾಕೋ, ಎಂದೆ.
ಬಂತೋ ಬರಲಿಲ್ಲವೋ ಗೊತ್ತಾಗಲಿಲ್ಲ, ಎಂದ.

ಅವನ ತಾಯಿ ಎರಡು ವಾರ ಇಲ್ಲಿ, ಎರಡು ವಾರ ಗ್ರಾಜ್‌ನಲ್ಲಿ.
ರಾತ್ರಿ ಹನ್ನೊಂದಕ್ಕೆ ಪೆಟ್ರೋಲ್ ಬಂಕಿನ ಹತ್ತಿರ ವ್ಯಾನು ಬಂದು
ಏಳು ಜನ ಹೆಂಗಸರನ್ನು ಹತ್ತಿಸಿಕೊಳ್ಳುತ್ತದೆ;
ಒಬ್ಬೊಬ್ಬರಿಗೂ ಗಡಿಯಾಚೆ ಒಂದೊಂದು ಹಾಸಿಗೆ:
ಮೀಯಿಸಲು, ಉಣಿಸಲು, ಮಗ್ಗುಲು ಬದಲಿಸಲು.

ಹೋದ ಬುಧವಾರ ಫೋನ್ ಎತ್ತಿದ್ದು ಅಮ್ಮ ಅಲ್ಲ,
ಆ ಅಜ್ಜಿ.
ಗೂಟನ್ ಟಾಗ್ ಅಂದೆ, ನೀವು ಹೇಳಿಕೊಟ್ಟ ಹಾಗೇ.
ಅವರು, ಯಾರು, ಎರ್ವಿನಾ? ಅಂದರು.
ಗಾಬರಿಯಲ್ಲಿ ನಮ್ಮ ಮಾತಲ್ಲೇ 'ಯ' ಅಂದುಬಿಟ್ಟೆ.
ನಾನು, ಅಂತ.

ನಮ್ಮ ಸ್ಲೊವಾಕಿನಲ್ಲಿ ಯ ಎಂದರೆ ನಾನು.
ಅವರ ಜರ್ಮನ್ನಿನಲ್ಲಿ ಯಾ ಎಂದರೆ ಹೌದು.
ನಡುವೆ ಇರುವುದು ಒಂದು ಎಳೆತ, ಅರ್ಧ ಉಸಿರು;
ಗಾಬರಿಬಿದ್ದ ಮಗು ಅದನ್ನು ಎಳೆದೇ ಎಳೆಯುತ್ತದೆ.

ಆಮೇಲೆ?
ಆಮೇಲೆ ಅವರು ತುಂಬ ಹೊತ್ತು ಮಾತಾಡಿದರು.
ನಾಯಿ ಅಂತ ಬಂತು ಒಂದು ಸಲ. ಹಿಮ ಅಂತ ಎರಡು ಸಲ.
ಒಂದು ಕಡೆ ನಕ್ಕರು, ನಾನೂ ನಕ್ಕೆ.
ಕೊನೆಗೆ ಮುತ್ತು ಕೊಟ್ಟ ಸದ್ದು, ಫೋನಿಗೇ.
ಅವತ್ತು ರಾತ್ರಿ ತಟ್ಟೆ ಪೂರ್ತಿ ಖಾಲಿ ಮಾಡಿದರಂತೆ.
ಎರ್ವಿನ್ ಯಾರಮ್ಮ ಅಂತ ಕೇಳಿದರೆ
ಪಾತ್ರೆ ತೊಳೀತಿದ್ದೀನಿ, ಬಂದು ಹೇಳ್ತೀನಿ, ಅಂದಳು.

ಉಚ್ಚಾರ ಸರಿ. ಉತ್ತರ ತಪ್ಪು. ಅವಧಿ, ಹನ್ನೊಂದು ನಿಮಿಷ.
ನನ್ನ ಮೂರನೇ ಕ್ಲಾಸುಗಳಲ್ಲಿ ಇಂದಿನವರೆಗೆ
ಯಾರೂ ಎರಡು ದಾಟಿದ್ದಿಲ್ಲ.
ಹಾಳೆಯ ಬುಡದಲ್ಲಿ ಶಿಕ್ಷಕರ ಟಿಪ್ಪಣಿಗೆಂದು ಒಂದು ಗೆರೆ.
ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.

ಗಂಟೆಯಾಯಿತು. ಹೀಟರಿನ ಹತ್ತಿರ ನೂಕುನುಗ್ಗಲು.
ಅವನು ನನ್ನ ಮೇಜಿನ ಬಳಿಯೇ ನಿಂತ.
ನಾನು ಎರ್ವಿನ್ ಅಲ್ಲ ಅಂತ ಹೇಗೆ ಹೇಳಬೇಕು?
ಹೇಳಿದೆ.
ಆ ನಾಯಿಯದು ಇನ್ನೊಂದು ಸಲ ಹೇಳಿ, ಅಂತ?
ಅದನ್ನೂ ಹೇಳಿದೆ, ನಿಧಾನವಾಗಿ.
ಮೊದಲನೆಯದಕ್ಕೆ ತಲೆಯಾಡಿಸಿದ್ದ.
ಎರಡನೆಯದನ್ನು ಅಂಗೈ ಮೇಲೆ ಬರೆದುಕೊಂಡ,
ಅಕ್ಷರ ಅಕ್ಷರ ಬಿಡಿಸಿ,
ಮೇಲೆ ಕೈಗವಸು ಎಳೆದುಕೊಂಡ.
ಅದಿನ್ನೂ ಒಣಗಿರಲಿಲ್ಲ.