ಹಳೆಯ ಚೀಟಿಯ ಬೆಲೆ

ಮೂವತ್ತೊಂದು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದವಳು ನಾನು,
ಮೊಂಟಾನಾದ ಹಿಮದಲ್ಲಿ, ಒಮ್ಮೆಯೂ ಚರಂಡಿಗೆ ಇಳಿಸದೆ.
ಈಗ ತಿಂಗಳ ಮೂರಕ್ಕೆ ಪಿಂಚಣಿ ಬರುತ್ತದೆ,
ಚಪ್ಪಲಿ ಬಿಡದೆ ಬಾಗಿಲಲ್ಲೇ ಮಾತಾಡಿಸಿ ಹೊರಟುಹೋಗುತ್ತದೆ.

ಇರುವುದೊಂದೇ ಚಟ. ಭಾನುವಾರ,
ಆರುನೂರು ಗಜದಾಚೆ ಒಂದು ಕಾಗದ,
ಕಾಗದದ ನಡುವೆ ಒಂದು ಕಪ್ಪು.
ಚಾಪೆಯ ಮೇಲೆ ಬೋರಲು ಮಲಗಿ
ಅರ್ಧ ಉಸಿರು ಬಿಟ್ಟು, ಅರ್ಧ ಇಟ್ಟುಕೊಂಡು
ಅಷ್ಟು ದೂರದ ಮೌನವನ್ನು ಮುಟ್ಟಿ ಬರುವುದು.

ಹಿತ್ತಾಳೆಯ ಖಾಲಿ ತೋಟೆಗಳಿವೆ, ತಿಕ್ಕಿ ತೊಳೆದು ಸಾಲಾಗಿ ನಿಲ್ಲಿಸಿದ್ದೇನೆ.
ಮದ್ದು ಅರ್ಧ ಡಬ್ಬಿ ಇದೆ.
ಇಲ್ಲದ್ದು ಗುಂಡು, ಬಾಯಿಗೆ ಕೂರಿಸುವ ಆ ತಾಮ್ರದ ಮೊನೆ.
ಬಾಯಿ ತೆರೆದು ಕೂತ ಹಕ್ಕಿಮರಿಗಳ ಹಾಗೆ
ಐವತ್ತು ತೋಟೆ ನನ್ನನ್ನೇ ನೋಡುತ್ತವೆ.

"ನೂರಕ್ಕೆ ನಲವತ್ತೆಂಟು ಡಾಲರ್, ಅದೂ ಬಂದರೆ,"
ಅಂದ ಅಂಗಡಿಯ ಗಾರ್ವಿನ್, ತಲೆ ಎತ್ತದೆ.
ನಮ್ಮ ಕಡೆ ಮಾರಾಟ ತೆರಿಗೆಯಿಲ್ಲ, ಅಷ್ಟೇ ಪುಣ್ಯ.
ಗ್ರೇಟ್ ಫಾಲ್ಸ್‌ನಲ್ಲಿ ಕಲೆಬಿದ್ದ ಮಾಲು ಅಗ್ಗ ಅಂದರು, ಹೋದೆ.
ಮೈಮೇಲಿನ ಕಲೆ ಕಾಗದಕ್ಕೆ ಕಾಣುವುದಿಲ್ಲ, ಅದು ನಿಜ,
ತೂಕದ ತಪ್ಪು ಕಾಣುತ್ತದೆ.
ಉಳಿದ ದುಡ್ಡನ್ನು ಪೆಟ್ರೋಲು ಕುಡಿಯಿತು.

ಆಗ ನೆನಪಾದದ್ದು ಇಡೆಲ್ಲಾ.

ಅವಳ ಗಂಡ ಥೋರ್ವಾಲ್ಡ್ ಹನ್ನೊಂದು ವರ್ಷ
ಒಂದೋ ಎರಡೋ ಅಂಕದಲ್ಲಿ ನನ್ನನ್ನು ಸೋಲಿಸಿದವನು,
ಸೋಲಿಸಿ, ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಕೊಟ್ಟವನು.
ಗ್ಯಾರೇಜಿನ ಬಾಗಿಲು ಎತ್ತಿದಳು. ಬೆಂಚಿನ ಮೇಲೆ ಅವನ ತಕ್ಕಡಿ, ಕನ್ನಡಕ.
"ಕೊನೆಯ ವರ್ಷದ ದುಡ್ಡೆಲ್ಲ ಮದ್ದಿಗೇ ಹೋಯಿತು," ಅಂದಳು.
ನಾನು ಪೆದ್ದಿ, ಕಪಾಟಿನ ಕಡೆ ನೋಡಿದೆ.
ಅವಳು ಕಿಟಕಿಯ ಕಡೆ ತೋರಿಸಿದಳು:
ಅಲ್ಲಿ ಮಾತ್ರೆಯ ಖಾಲಿ ಸೀಸೆಗಳು, ಕಿತ್ತಳೆ ಬಣ್ಣ, ಬಿಸಿಲು ತುಂಬಿಕೊಂಡು.

ಬೆಂಚಿನ ಕೆಳಗೆ ಹದಿನಾಲ್ಕು ಪೆಟ್ಟಿಗೆ, ಒಡೆಯದವು.
ನೂರಾ ಅರವತ್ತೆಂಟು ಗ್ರೇನಿನವು, ನನಗೆ ಬೇಕಾದವೇ.
ಕೈ ನಡುಗಿತು, ನಾಚಿಕೆಯಿಲ್ಲದೆ.
"ನನಗೆ ಇದರ ಗಂಧಗಾಳಿ ಇಲ್ಲ ಡೆಲ್ಫಿನ್,
ನೀನೇ ಹೇಳು, ಎಷ್ಟಾಗಬಹುದು?"

ಆರು ತಿಂಗಳು ಊರೂರು ಅಲೆದು ಹುಡುಕಿದ ಅಗ್ಗ
ಎಲ್ಲೂ ಇರಲಿಲ್ಲ, ನನ್ನ ನಾಲಿಗೆಯ ಮೇಲಿತ್ತು.
ಪೆಟ್ಟಿಗೆಯ ಮೇಲೆ ಮಾಸಿದ ಚೀಟಿ, ಹತ್ತೊಂಬತ್ತು ಡಾಲರ್,
ಯಾವುದೋ ಕಾಲದ್ದು.
"ಚೀಟಿಯಲ್ಲೇ ಇದೆಯಲ್ಲ," ಅಂದೆ.
ಸುಳ್ಳಲ್ಲ. ಅಕ್ಷರ ಅಕ್ಷರ ಓದಿದ್ದೆ.
ಅವಳು ನೋಟು ಎಣಿಸಲೂ ಇಲ್ಲ,
ಹೊರಡುವಾಗ ಅವನ ತಕ್ಕಡಿಯನ್ನೂ ಕೈಗಿಟ್ಟಳು, ಸುಮ್ಮನೆ.

ರಾತ್ರಿ ಅಡುಗೆಮನೆಯ ದೀಪದಡಿ ಒಂದೊಂದನ್ನೇ ತೂಗಿದೆ,
ಗುಲಗಂಜಿಯ ಲೆಕ್ಕ ಹಿಡಿಯುವ ಅಕ್ಕಸಾಲಿಯ ಹಾಗೆ.
ಎಲ್ಲ ಒಂದೇ ತೂಕ. ಮುಳ್ಳು ಅಲುಗಲಿಲ್ಲ.
ಹದಿನಾಲ್ಕು ನೂರು ಗುಂಡು, ಒಂದರಲ್ಲೂ ದೋಷವಿಲ್ಲ,
ತೂಗುತ್ತ ತೂಗುತ್ತ ಬೆಳಗಿನ ಮೂರು ಗಂಟೆ.
ಯಾಕೆ ತೂಗುತ್ತಿದ್ದೆನೋ.

ಭಾನುವಾರ ಗೋಧಿ ಕೊಯ್ದ ಹೊಲಗಳ ಮೇಲೆ
ಪಶ್ಚಿಮದ ಗಾಳಿ ಎದ್ದು ಬಿದ್ದು ಬೀಸುತ್ತಿತ್ತು.
ಅಂಕ ಬರೆಯುವ ಕುರ್ಚಿಯಲ್ಲಿ ಇಡೆಲ್ಲಾ,
ಎಂದಿನ ಹಾಗೆ, ಮೊಣಕಾಲಿಗೆ ಕಂಬಳಿ, ಕಿವಿಯ ಮೇಲೆ ಪೆನ್ಸಿಲ್.
ಹತ್ತು. ಹತ್ತು. ಹತ್ತು.
ಆಮೇಲೆ ಎಡಕ್ಕೆ ಜಾರಿದ ಒಂದು ಒಂಬತ್ತು.
ಗುಂಡು ಹಾರುವಾಗ ಬಾವುಟ ನೇತುಬಿದ್ದಿತ್ತು,
ನಾನು ನೋಡಿದ್ದೆ.

"ಗಾಳಿ ಅಲ್ಲವೇ?" ಅಂದಳು ಅವಳು, ಬರೆಯುವ ಮೊದಲು.
"ಹೂಂ," ಅಂದೆ, "ಗಾಳಿ."