ಬಟ್ಟೆಯಡಿಯ ಬೆರಳು

ಕೋಲಾರದ ಮಂಡಿಯಲ್ಲಿ
ಟೊಮ್ಯಾಟೊ ಬಾಕ್ಸುಗಳ ನಡುವೆ ನಿಂತು
ನಾನೂರ ಹತ್ತು, ನಾನೂರ ಇಪ್ಪತ್ತು ಎಂದು
ಇಪ್ಪತ್ತಾರು ವರ್ಷ ಕೂಗಿದ ಗಂಟಲು ಇದು.

ಈಗ ಇನ್ನಾಸಮ್ಮ ಟೀಚರ್ ಹೇಳುತ್ತಾರೆ:
ದಿನಕ್ಕೆ ಅರ್ಧ ಗಂಟೆ. ಸುಮ್ಮನೆ.
ಜಪಸರ ಎಣಿಸಬಹುದಾ?
ಅದಕ್ಕೆ ಬೇರೆ ಹೊತ್ತಿದೆ, ರಾಯಪ್ಪ.

ಲೂರ್ದು ಅಡುಗೆಮನೆಯಿಂದ ನಗುತ್ತಾಳೆ:
ಸನ್ಯಾಸಿಗಳು ಸಿಲಿಂಡರ್ ಬದಲಿಸಿ ಹೋಗಲಿ.
ಸನ್ಯಾಸ ಅಲ್ಲ ಕಣೆ, ಗೃಹಸ್ಥರ ಕಾರ್ಮೆಲ್ ಸಭೆ,
ಹೆಂಡತಿ, ಮಂಡಿ ಎಲ್ಲ ಇರುತ್ತೆ ಅಂದೆ.
ಸಿಲಿಂಡರೂ ಇರುತ್ತೆ ಅಂದಳು.

ಕೂತರೆ ತಲೆಯೊಳಗೆ ಹರಾಜು ನಿಲ್ಲದು.
ನನ್ನ ಪಾಪಗಳಿಗೂ ನಾನೇ ದರ ಕೂಗುತ್ತೇನೆ,
ಕೊಳ್ಳುವವರಿಲ್ಲ.
ಹೊಸ ಕಂದು ಬಟ್ಟೆಯ ತುಂಡು
ಅಂಗಿಯೊಳಗೆ ಬೆವರಿಗಂಟಿ ತುರಿಸುತ್ತದೆ.

ನಿನ್ನೆ, ಹತ್ತೊಂಬತ್ತನೇ ನಿಮಿಷಕ್ಕೆ, ಅಪ್ಪ ನೆನಪಾದ.
ದನದ ದಲ್ಲಾಳಿ ಚೌರಪ್ಪ. ಬಾಯೇ ತೆರೆಯುತ್ತಿರಲಿಲ್ಲ.
ಹೆಗಲ ಟವೆಲ್ಲು ಕೈಮೇಲೆ ಹೊದಿಸಿ, ಅದರಡಿ
ಕೊಳ್ಳುವವನ ಬೆರಳು ಹಿಡಿದು ಒತ್ತುತ್ತಿದ್ದ.
ಸಂತೆಯೆಲ್ಲ ನೋಡುತ್ತಿದ್ದರೂ
ಬೆಲೆ ಇಬ್ಬರಿಗೇ ಗೊತ್ತು.
ಎತ್ತಿಗೂ ಗೊತ್ತಾಗುತ್ತಿರಲಿಲ್ಲ.

ಎದೆಯ ಮೇಲಿನ ಬಟ್ಟೆಯಡಿ ಕೈಯಿಟ್ಟು ಕೂತೆ.
ಯಾರೂ ಬೆರಳು ಹಿಡಿಯಲಿಲ್ಲ.
ಆಮೇಲೆ ಗಡಿಯಾರ ನೋಡಿದರೆ ಮೂವತ್ತೆಂಟು ನಿಮಿಷ;
ಸಿಲಿಂಡರಿನವನು ಆಗಿನಿಂದ ಗೇಟು ತಟ್ಟುತ್ತಿದ್ದನಂತೆ.