ದಾವಲಬಿ ಕೊಟ್ಟ ಸುಣ್ಣ

ಇಂಡಿ ರಸ್ತೆಯ ತಿರುವಿನಾಗ
ಎಗ್‌ರೈಸ್ ಗಾಡಿಯ ಕೆಳಗೊಂದು ಬಕೀಟು.
ಅದರೊಳಗ ಸಂಜಿಯಿಂದ ಬಿದ್ದ ಸಿಪ್ಪಿ
ಹನ್ನೊಂದು ಹೊಡೆದ ಮ್ಯಾಲ ನಂದು.
ಮೊದಲ ದಿನ ದಾವಲಬಿ ಕೇಳಿದ್ಳು:
"ಕಸಾ ಒಯ್ಯಾಕ ಎಂಎಸ್ಸಿ ಕಲಿಬೇಕೇನ ತಂಗಿ?"

ನಮ್ಮ ಮನ್ಯಾಗ ತತ್ತಿಯ ಹೆಸರೂ ಒಲ್ಲರು.
ಅವ್ವ ನನ್ನ ಚೀಲ ದೂರಿಂದನ ನೋಡಿ
ಬಚ್ಚಲ ಹೊರಗ ಕಲ್ಲಿನ ಮ್ಯಾಲ ಇಡಿಸಿದ್ಳು.
ಅಲ್ಲೇ ಕುಂತು ತೊಳದೆ, ಒಳಗಿನ ಪೊರಿ ಸುಲಿದೆ.
ಹಸಿಗೂಸಿನ ಉಗುರಿನಂಥಾ ಪೊರಿ,
ಬೆರಳಿಗೆ ಅಂಟಿದ್ದು ಬಿಡವಲ್ದು.

ಲ್ಯಾಬಿನ ಕುಲಿಮಿ ಒಂಬೈನೂರು ಡಿಗ್ರಿ.
ಮೂರು ತಾಸು.
ಬಾಗಲಾ ತಗದರ
ಕೋಳಿ ಇಲ್ಲ, ಗಾಡಿ ಇಲ್ಲ, ನಾತ ಇಲ್ಲ;
ಮೂಸಿಯ ತಳಕ್ಕ ಬೆಳ್ಳಗ ಒಂದು ಹಿಡಿ,
ಇಟ್ಟದ್ದರ ಅರ್ಧಕ್ಕಿಂತ ಚೂರು ಹೆಚ್ಚು.
ಉಳಿದದ್ದು ಉಸಿರಾಗಿ ಹೋಗಿತ್ತು.
ಅವ್ವಗ ತೋರಿಸಿದೆ. ಎಲಿ ಮಡಚತಿದ್ದಳು.
"ಇದು ಸುಣ್ಣ ಅಲ್ಲೇನ?" ಅಂತ ಬೆರಳು ಚಾಚಿದ್ಳು.
"ಮುಟ್ಟಬ್ಯಾಡ, ಸುಡ್ತದ!"
ಅಂದಿನಿಂದ ಚೀಲ ಬಚ್ಚಲ ಒಳಗ ಬಂತು.
ಅಡಗಿಮನಿಗೆ ಇನ್ನೂ ಇಲ್ಲ.

ಎಣ್ಣಿದು ಬ್ಯಾರೆ ಕತಿ.
ಗಾಂಧಿಚೌಕದ ಗಿರಮಲ್ಲನ ಬಾಣಲಿಯಿಂದ ಬಂದದ್ದು,
ಎಷ್ಟು ಮಿರ್ಚಿ ಕಂಡಿತ್ತೋ, ಚಹಾಕ್ಕಿಂತ ಕಪ್ಪು.
ಮೆಥನಾಲ್ ಸುರುವಿ, ಸುಣ್ಣ ಹಾಕಿ,
ಅರವತ್ತೈದರ ಬಿಸಿಯೊಳಗ ತಿರುವಿದೆ ತಿರುವಿದೆ.
ಡೀಸೆಲ್ ಆಗಲಿಲ್ಲ. ಸಾಬೂನಾತು.
ಗಟ್ಟಿ ಅಂಬಲಿಯಂಥಾ ಕಂದು ಸಾಬೂನು
ಫ್ಲಾಸ್ಕಿನ ಕುತಗ್ಯಾಗ ಸಿಕ್ಕು ಕುಂತಿತು.
ಗುರುಗಳು ಕನ್ನಡಕ ತಗದು ಮತ್ತ ಹಾಕ್ಕೊಂಡರು.
ಖುಷಿಯಾದಾಕಿ ದಾವಲಬಿ ಒಬ್ಬಾಕಿನ:
"ತಾ ಇಲ್ಲಿ, ತವಾ ತಿಕ್ಕಿ ನೋಡ್ತೀನಿ."
ಕೊಡಲಿಲ್ಲ.

ಎಣ್ಣಿ ಸೋಸಿ, ನೀರು ಆರಿಸಿ, ಹುಳಿ ಇಳಿಸಿ
ಮತ್ತ ಕುಂದ್ರಿಸಿದೆ.
ಎರಡನೇ ಶನಿವಾರ. ಕಾಲೇಜಿನಾಗ
ಪಾರಿವಾಳ, ಜವಾನ ಗುರುಪಾದ, ನಾನು.
ಗಾಜಿನ ಬುಡಕ್ಕ ಗ್ಲಿಸರಿನ್ ಇಳೀತು ಕಾಕಂಬಿಯಂಗ,
ಮ್ಯಾಲ ನಿಂತದ್ದು
ಬಿಸಲಿಗೆ ಹಿಡಿದರ ಕುಸುಬಿ ಹೂವಿನ ಬಣ್ಣ.
ಇಂಜಿನ್ನಿಗೆ ಹಾಕಿದ್ದು ಬರೇ ಇನ್ನೂರು ಮಿಲಿ,
ಆರು ನಿಮಿಷ ಡುಗುಡುಗು ಅಂತು, ನಿಂತಿತು.
ಗುರುಪಾದ ಚಪ್ಪಾಳಿ ಹೊಡದು
ಕಿಟಕಿ ಹಾಕಾಕ ಹೋದ.

ಆ ರಾತ್ರಿ ಗಾಡಿಗೆ ಹೋಗಿ ಹೇಳಿದೆ:
ಎಣ್ಣಿ ಡೀಸೆಲ್ ಆಗ್ತದ, ಸುಣ್ಣ ಆಗೂದಿಲ್ಲ;
ಇಬ್ಬರನ್ನ ಕೂಡಿಸ್ತದ, ತಾ ಹೊರಗ ಉಳೀತದ.
ದಾವಲಬಿ ತವಾದ ಮ್ಯಾಲ ಸೌಟು ಬಡದು
"ಹಂಗಾರ ಲಗ್ನದಾಗಿನ ನಡುವಿನಾಂವ ಅನ್ನು.
ನಮ್ಮ ಖಾಸೀಮ್ ಮಾಮು ಹಂಗ,
ಇಪ್ಪತ್ತು ನಿಕಾ ಕುದುರಿಸಿದ, ತನಗ ಒಂದೂ ಇಲ್ಲ.
ಕಡೀಕ ಕಡೀಕ ಅವನೂ ಸಣ್ಣಾದ ನೋಡು,
ಎಲ್ಲಾರ ಮನ್ಯಾಗೂ ಚೂರು ಚೂರು ಬಿಟ್ಟು ಬಂದಂಗ."

ನಾ ಸುಮ್ಮಾದೆ.
ನನ್ನ ವಹಿಯಾಗ ಅದನ್ನ ಬರದಿದ್ದೆ:
ಮೊದಲ ಸರ್ತಿ ನೂರಕ್ಕ ತೊಂಬತ್ನಾಕು,
ಮೂರನೇದಕ್ಕ ಎಂಬತ್ತೆಂಟು,
ಐದನೇದಕ್ಕ ಅರವತ್ತೊಂದು.
ಸುಣ್ಣ ಕರಗಿ ಎಣ್ಣಿಯೊಳಗ ಹೋಗಿತ್ತು.
ಹೊರಗ ಉಳೀತದ ಅಂದದ್ದು ಪುಸ್ತಕದ ಮಾತು.

ಆಕಿ ಅಪ್ಪ ಗಾರಿ ಕೆಲಸದಾಂವ,
ಹಳೇ ಗುಮ್ಮಟಗಳ ಬಿರುಕಿಗೆ ಸುಣ್ಣ ಅರೀತಿದ್ದನಂತ.
"ಬೆಲ್ಲ ಹಾಕ್ತಿದ್ದ, ತತ್ತಿ ಹಾಕ್ತಿದ್ದ.
ಆಂವ ಸುಣ್ಣಕ್ಕ ತತ್ತಿ ಒಡದ,
ನೀ ತತ್ತಿಯಾಗ ಸುಣ್ಣ ಹುಡಿಕಿದಿ.
ನಡುವ ನಾ ಅನ್ನಾ ಕಲಸಾಕ್ಹತ್ತೀನಿ."

ದಣಿದ ಸುಣ್ಣ ಮತ್ತ ಸುಟ್ಟೆ, ನೀರಿಗೆ ಹಾಕಿದೆ,
ಡಬ್ಬಿಯಾಗ ತಂದು ಆಕಿಗೇ ಕೊಟ್ಟೆ.
ಗಾಡಿ ಚಕ್ರಕ್ಕ ಕೊಡೂ ಎರಡು ಕಲ್ಲಿಗೆ
ಹಳೇ ಬ್ರಷ್ಷಿನಿಂದ ಹಚ್ಚಿದ್ಳು.
ಹೋದ ವಾರ ಯಾರೋ ಮುದುಕ
ಕತ್ತಲಾಗ ಎಡವಿದ್ದನಂತ.

ಈಗ ಕರೆಂಟು ಹೋದ್ರೂ ಕಲ್ಲು ಕಾಣ್ತಾವ.
ಬಕೀಟಿನ ಮ್ಯಾಲ ಸೀಮೆಸುಣ್ಣದ ಗೆರಿ:
ಇವತ್ತ ನೂರಾ ಹದಿನೇಳು.
"ನೂರಾ ಹದಿನೆಂಟು ಇದ್ವು," ಅಂದ್ಳು,
"ಒಂದು ಬೆಕ್ಕು ಒಯ್ತು."